ಲೈನ್: ಹಾಸನ ಸೀಮೆಯ ಆಡುಮಾತಿನಲ್ಲಿ

ಲೈನ್: ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಆಡುಮಾತಿನಲ್ಲಿ ದಿನಬಳಕೆಗೆ ಬಂದಿರುವ ಇಂಗ್ಲಿಷ್ ಮೂಲದ ನಾಮಪದ. ಹಳ್ಳಿಯ ಬಾಯಲ್ಲಿ ಇದು ಲೈನು. ರೈಲುಹಳಿ, ವಿದ್ಯುತ್ ತಂತಿ, ದೂರವಾಣಿ ಸಂಪರ್ಕ, ನೀರಿನ ಕೊಳವೆ, ಕೂಲಿಕಾರರ ಸಾಲುಮನೆ, ಸರತಿ, ನಾಟಿಯ ಸಾಲು, ಕಸುಬು, ನಡತೆ, ಪಕ್ಷದ ನಿಲುವು, ಹದಿಹರೆಯದ ಪ್ರೇಮ ಎಲ್ಲಕ್ಕೂ ಇದೊಂದೇ ಪದ ನಡೆಯುತ್ತದೆ. ಮೂಲ ಲ್ಯಾಟಿನ್ನಿನಲ್ಲಿ ಇದು ಅಗಸೆ ನಾರಿನ ದಾರ. ಅಳತೆಗೆ ಹಿಡಿದ ದಾರವೇ ಗೆರೆಯಾಗಿ, ಗೆರೆ ಸಾಲಾಗಿ, ಸಾಲು ದಾರಿಯಾಗಿ ಇಂಗ್ಲಿಷಿನಲ್ಲಿ ಅರ್ಥ ಬೆಳೆಯಿತು.

ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹುಟ್ಟೂರಾದ ಹರದನಹಳ್ಳಿಯಂಥ ಹೊಳೆನರಸೀಪುರ ತಾಲ್ಲೂಕಿನ ಊರುಗಳಿಗೆ ಈ ಪದ ಶಾಲೆಯ ಪಠ್ಯಕ್ಕಿಂತ ಹೆಚ್ಚಾಗಿ ಕಂಬ, ಹಳಿ, ಕೊಳವೆಗಳ ಜೊತೆ ಬಂತು. ಹೊರಗಿನಿಂದ ಯಾರೋ ಎಳೆದುಕೊಂಡು ಬಂದು ಊರಿಗೆ ತಗುಲಿಸಿದ್ದು ಯಾವುದೋ ಅದು ಲೈನು. ಅದರ ಒಂದು ತುದಿ ಮನೆಯಲ್ಲಿದ್ದರೆ ಇನ್ನೊಂದು ತುದಿ ಕಣ್ಣಿಗೆ ಕಾಣದಷ್ಟು ದೂರದ ಕಚೇರಿಯಲ್ಲೋ ಸ್ಟೇಷನ್ನಿನಲ್ಲೋ ಇರುತ್ತದೆ. ಈ ಸೀಮೆಯಲ್ಲಿ ಪದ ಪಡೆದಿರುವ ಹೆಚ್ಚಿನ ಅರ್ಥಗಳ ಹಿಂದೆ ಈ ದೂರವಿದೆ, ಆ ತುದಿಯವರ ಅಪ್ಪಣೆಗೆ ಈ ತುದಿಯವರು ಕಾಯುವ ಕಾಯುವಿಕೆಯಿದೆ.

ವ್ಯಾಕರಣ

ಕನ್ನಡದಲ್ಲಿ ಲೈನ್ ಪದದ ಅರ್ಥವನ್ನು ತೀರ್ಮಾನಿಸುವುದು ಅದರ ಬೆನ್ನಿಗೆ ಬರುವ ಕ್ರಿಯಾಪದ. ಲೈನ್ ಎಳೆದರೆ ವಿದ್ಯುತ್ತು. ಲೈನ್ ನಿಂತರೆ ಸರತಿ. ಲೈನ್ ಸಿಕ್ಕರೆ ದೂರವಾಣಿ. ಲೈನ್ ಹೊಡೆದರೆ ಪ್ರೇಮ, ಇಲ್ಲವೇ ನೋಟ್‌ಬುಕ್ಕಿನ ಗೆರೆ. ಲೈನ್‌ಗೆ ಹೋದರೆ ವ್ಯಾಪಾರದ ತಿರುಗಾಟ, ಲೈನ್‌ಗೆ ಬಂದರೆ ದಾರಿ ತಪ್ಪಿದವನು ತಿದ್ದಿಕೊಂಡದ್ದು. ‘ಲೈನು ಓಯ್ತಾ?’ ಎಂದು ಪಕ್ಕದ ಮನೆಯವರು ಕೇಳಿದರೆ ಕರೆಂಟು ಹೋಯಿತೇ ಎಂದರ್ಥ. ಹೊಳೆನರಸೀಪುರದ ಕಡೆಯ ಮಾತಿನಲ್ಲಿ ಪದದ ಮೊದಲಿನ ಹಕಾರ ಜಾರಿಹೋಗುತ್ತದೆ. ವಿಭಕ್ತಿ ಪ್ರತ್ಯಯಗಳನ್ನೂ ಪದ ತಡೆಯಿಲ್ಲದೆ ತೊಟ್ಟುಕೊಂಡಿದೆ: ಲೈನನ್ನು, ಲೈನಿಂದ, ಲೈನಿಗೆ, ಲೈನಾಗೆ. ಲೈನ್‌ಮನೆ, ಲೈನ್‌ಕಂಬ, ಕರೆಂಟ್ ಲೈನು, ತೋಟದ ಲೈನು ಎಂದು ಕನ್ನಡ ಪದಗಳ ಜೊತೆ ಸಮಾಸವಾಗುವುದರಲ್ಲಿಯೂ ಅದಕ್ಕೆ ಅಡ್ಡಿಯಿಲ್ಲ. ಎರವಲು ಪದವೊಂದು ಭಾಷೆಗೆ ಒಗ್ಗಿತೆಂದು ಹೇಳಲು ಇದಕ್ಕಿಂತ ಬೇರೆ ಗುರುತು ಬೇಕಿಲ್ಲ.

ರೈಲು

ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು ಸಂಸ್ಥಾನವು ಮೈಸೂರಿನಿಂದ ಅರಸೀಕೆರೆಗೆ ಮೀಟರ್ ಗೇಜ್ ಹಳಿ ಹಾಕಿತು. ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಮಂದಗೆರೆ, ಹೊಳೆನರಸೀಪುರ, ಮಾವಿನಕೆರೆ, ಹಾಸನ, ಹಾರನಹಳ್ಳಿ ದಾಟಿ ಅರಸೀಕೆರೆ ಸೇರುವ ಈ ಹಳಿಯೇ ಹೊಳೆನರಸೀಪುರ ಸೀಮೆಯವರ ಹಳೆಯ ‘ರೈಲ್ವೆ ಲೈನು’. ಹಳಿಯ ಆಚೆಗಿರುವ ಹೊಲ ‘ಲೈನಾಚೆ ಹೊಲ’. ಹಾಸನ–ಮಂಗಳೂರು ಹಳಿ ಬಂದದ್ದು 1979ರಲ್ಲಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರಿಗೆ 1 ಮೀಟರ್ ಏರುವ ದಾರಿ ಇದು. 1996ರಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗಾಗಿ ಮುಚ್ಚಿದ ಈ ಹಳಿಯ ಮೇಲೆ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಮಳೆಗಾಲದಲ್ಲಿ ‘ಲೈನ್ ಮೇಲೆ ಗುಡ್ಡ ಬಿತ್ತು’ ಎಂಬ ಸುದ್ದಿ ಹಾಸನದವರಿಗೆ ಹೊಸದೇನಲ್ಲ; 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣೇ ಕುಸಿದು ಸಂಚಾರ ನಿಂತಿತ್ತು.

ಚನ್ನರಾಯಪಟ್ಟಣದವರ ಲೈನಿನ ಕತೆ ಕಾಯುವಿಕೆಯ ಕತೆ. ಶ್ರವಣಬೆಳಗೊಳದ ಮೇಲೆ ಬೆಂಗಳೂರು–ಹಾಸನ ಹಳಿಗೆ ಮಂಜೂರಾತಿ ಸಿಕ್ಕಿದ್ದು 1996–97ರಲ್ಲಿ, ಹರದನಹಳ್ಳಿಯ ರೈತನ ಮಗ ಪ್ರಧಾನಿಯಾಗಿದ್ದಾಗ. ರೈಲು ಪೂರ್ತಿ ದೂರ ಓಡಿದ್ದು 2017ರ ಮಾರ್ಚ್ 26ರಂದು. ನಡುವಿನ 20 ವರ್ಷಗಳಲ್ಲಿ ಆ ಭಾಗದ ಒಂದು ತಲೆಮಾರು ಶಾಲೆ ಮುಗಿಸಿ, ಮದುವೆಯಾಗಿ, ಬೆಂಗಳೂರಿಗೆ ಬಸ್ಸಿನಲ್ಲೇ ಓಡಾಡಿತು. ‘ಲೈನ್ ಆಗುತ್ತಂತೆ’ ಎಂಬುದು ಅವರ ಪಾಲಿಗೆ ಪ್ರತಿ ಬಜೆಟ್ಟಿನ ಮಾತಾಗಿತ್ತು.

ರೈಲ್ವೆ ಕೊಟ್ಟ ಅತಿ ದೊಡ್ಡ ಕಾಣಿಕೆ ಎಂದರೆ ‘ಲೈನ್ ಕ್ಲಿಯರ್’. ಒಂದೇ ಹಳಿಯ ಮಾರ್ಗದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ರೈಲು ಇರಬೇಕು. ಆದ್ದರಿಂದ ಮಾವಿನಕೆರೆಯ ಕಡೆಗೆ ರೈಲು ಬಿಡುವ ಮುನ್ನ ಹೊಳೆನರಸೀಪುರದ ಸ್ಟೇಷನ್ ಮಾಸ್ಟರು ಮುಂದಿನ ಸ್ಟೇಷನ್ನಿನವರನ್ನು ಕೇಳಬೇಕು, ಅವರು ಹೂಂ ಎನ್ನಬೇಕು. ಹಿಂದೆಲ್ಲ ಆ ಒಪ್ಪಿಗೆಯ ಗುರುತಾಗಿ ಯಂತ್ರದಿಂದ ಲೋಹದ ಟೋಕನ್ ಹೊರಬರುತ್ತಿತ್ತು. ಅದನ್ನು ಚರ್ಮದ ಚೀಲಕ್ಕೆ ಹಾಕಿ, ದೊಡ್ಡ ಬಳೆಗೆ ಕಟ್ಟಿ, ಚಲಿಸುವ ಇಂಜಿನ್ನಿನ ಚಾಲಕನ ತೋಳಿಗೆ ಸಿಕ್ಕಿಸುತ್ತಿದ್ದರು. ಆ ಬಳೆ ಕೈಯಲ್ಲಿಲ್ಲದೆ ಚಾಲಕ ರೈಲನ್ನು ಮುಂದಕ್ಕೆ ಒಯ್ಯುವಂತಿರಲಿಲ್ಲ. ಈ ಶಿಸ್ತಿನ ಮಾತು ಪ್ಲಾಟ್‌ಫಾರಂ ದಾಟಿ ಊರಿಗೆ ಬಂದು ಕನ್ನಡದ ನುಡಿಗಟ್ಟಾಯಿತು. ಅಕ್ಕನ ಮದುವೆಯಾದರೆ ತಂಗಿಗೆ ಲೈನ್ ಕ್ಲಿಯರ್. ಹಾಲಿ ಸದಸ್ಯ ಈ ಸಲ ನಿಲ್ಲುವುದಿಲ್ಲವೆಂದರೆ ಎರಡನೇ ಸಾಲಿನ ನಾಯಕನಿಗೆ ಲೈನ್ ಕ್ಲಿಯರ್. ಜಮೀನಿನ ತಕರಾರು ನ್ಯಾಯಾಲಯದಲ್ಲಿ ಬಗೆಹರಿದರೂ ಅದೇ ಮಾತು. ಮಾತಿನಲ್ಲಿ ಮೂಲದ ಅರ್ಥ ಹಾಗೆಯೇ ಉಳಿದಿದೆ: ಮುಂದಿನವನು ಜಾಗ ಬಿಡುವ ತನಕ ಹಿಂದಿನವನು ಹೊರಡುವಂತಿಲ್ಲ.

‘ಲೂಪ್ ಲೈನ್’ ಕೂಡ ಹೀಗೆಯೇ ಬಂದದ್ದು. ಮುಖ್ಯ ಹಳಿಯಲ್ಲಿ ಬೇರೆ ರೈಲಿಗೆ ದಾರಿ ಬಿಡಲು ಒಂದು ರೈಲನ್ನು ಪಕ್ಕದ ಹಳಿಗೆ ತಂದು ನಿಲ್ಲಿಸುತ್ತಾರೆ. ಸರ್ಕಾರಿ ನೌಕರರ ಮಾತಿನಲ್ಲಿ, ಅಧಿಕಾರವಿಲ್ಲದ ಹುದ್ದೆಗೆ ವರ್ಗವಾದ ಅಧಿಕಾರಿಯನ್ನು ‘ಲೂಪ್ ಲೈನ್‌ಗೆ ಹಾಕಿದ್ದಾರೆ’ ಎನ್ನುತ್ತಾರೆ.

ಲೈನ್‌ಮನೆ

ಜಿಲ್ಲೆಯ ಪಶ್ಚಿಮದಲ್ಲಿ, ಸಕಲೇಶಪುರ, ಬೇಲೂರು, ಆಲೂರು ಭಾಗದ ಕಾಫಿ ತೋಟಗಳಲ್ಲಿ, ಲೈನ್ ಎಂದರೆ ವಾಸದ ಮನೆ. ಬ್ರಿಟಿಷ್ ಸೇನೆಯಲ್ಲಿ ಸಿಪಾಯಿಗಳ ಡೇರೆ ಮತ್ತು ಗುಡಿಸಲುಗಳ ಸಾಲನ್ನು ಲೈನ್ಸ್ ಎನ್ನುತ್ತಿದ್ದರು. ಊರೂರಿನ ‘ಪೊಲೀಸ್ ಲೈನ್’ ಆ ಅರ್ಥದ ಉಳಿಕೆ. 19ನೇ ಶತಮಾನದಲ್ಲಿ ಸಕಲೇಶಪುರದ ಸುತ್ತಿನ ಮಂಜರಾಬಾದ್ ಸೀಮೆಗೆ ಬಂದ ಯುರೋಪಿಯನ್ ಪ್ಲಾಂಟರುಗಳು ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಕರೆತಂದ ಕೂಲಿಗಳಿಗೆ ಇದೇ ಮಾದರಿಯಲ್ಲಿ ಮನೆ ಕಟ್ಟಿಸಿದರು. ಒಂದು ಉದ್ದನೆಯ ಸೂರು, ಅದರಡಿ ಗೋಡೆಗೆ ಗೋಡೆ ಅಂಟಿದ ಕೋಣೆಗಳು, ಎಲ್ಲಕ್ಕೂ ಸೇರಿದ ಒಂದೇ ಜಗುಲಿ. ಒಂದು ಕೋಣೆಗೆ ಒಂದು ಸಂಸಾರ. ಅಲ್ಲೇ ಒಲೆ, ಅಲ್ಲೇ ತೊಟ್ಟಿಲು. ಒಂದು ಮನೆಯ ಹೊಗೆ ಮತ್ತು ಜಗಳ ಎರಡೂ ಮುಂದಿನ ಮನೆಗೆ ತಲುಪುತ್ತಿದ್ದವು.

ಇದು ಹಾಸನಕ್ಕೆ ಮಾತ್ರ ಸೇರಿದ ಪದವೂ ಅಲ್ಲ, ಪಾಡೂ ಅಲ್ಲ. ಕೊಡಗಿನ ಮತ್ತು ಚಿಕ್ಕಮಗಳೂರಿನ ತೋಟಗಳಲ್ಲಿ ಲೈನ್‌ಮನೆ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ಶ್ರೀಲಂಕಾದ ಚಹಾ ತೋಟಗಳಿಗೆ ಹೋದ ತಮಿಳು ಕೂಲಿಕಾರರು ಇದೇ ಇಂಗ್ಲಿಷ್ ಪದವನ್ನು ‘ಲಯನ್’ ಎಂದು ಮಾಡಿಕೊಂಡರು. ಸಮುದ್ರದ ಆಚೆಗೂ ಈಚೆಗೂ ಮನೆಯ ನಕ್ಷೆ ಒಂದೇ, ಹೆಸರೂ ಒಂದೇ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತೋಟದಲ್ಲಿ ವಾಸಿಸುವ ಕಾರ್ಮಿಕರಿಗೆ ಮನೆ, ಕುಡಿಯುವ ನೀರು, ಶೌಚಾಲಯ ಒದಗಿಸುವುದನ್ನು ಮಾಲೀಕರ ಹೊಣೆಯಾಗಿಸಿತು. ಅದರಿಂದ ಹಲವು ತೋಟಗಳ ಲೈನುಗಳು ಹೆಂಚು, ಸಿಮೆಂಟು ಕಂಡವು. ಆದರೆ ಲೈನ್‌ಮನೆಯ ಮೂಲ ಗುಣ ಬದಲಾಗಲಿಲ್ಲ. ಅಲ್ಲಿ ಇರುವ ಹಕ್ಕು ಕೆಲಸದ ಬೆನ್ನಿಗೆ ಕಟ್ಟಿಕೊಂಡದ್ದು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮೂರು ತಲೆಮಾರು ಒಂದೇ ಕೋಣೆಯಲ್ಲಿ ಹುಟ್ಟಿ ಬೆಳೆದರೂ ಆ ನೆಲದ ಮೇಲೆ ಅವರಿಗೆ ಒಂದು ಅಡಿಯ ಹಕ್ಕೂ ಹುಟ್ಟುವುದಿಲ್ಲ. ‘ಲೈನ್‌ನವರು’ ಎಂದು ಊರಿನವರು ಕರೆಯುವಾಗ ಆ ಪದದಲ್ಲಿ ವಿಳಾಸದ ಜೊತೆ ಜಾತಿ ಮತ್ತು ಬಡತನದ ಸೂಚನೆಯೂ ಸೇರಿರುತ್ತದೆ. ಇದನ್ನು ನಿಘಂಟು ಬರೆಯುವವರು ಮುಚ್ಚಿಡಬಾರದು. ಲೈನ್ ಪದದ ಇಷ್ಟೂ ಅರ್ಥಗಳಲ್ಲಿ ಮನುಷ್ಯರನ್ನೇ ಸಾಲಾಗಿ ಇಟ್ಟ ಅರ್ಥ ಇದು, ಮತ್ತು ಬದಲಾಗಬೇಕಾದದ್ದರಲ್ಲಿ ಮೊದಲನೆಯದೂ ಇದೇ. ಈಚಿನ ವರ್ಷಗಳಲ್ಲಿ ಸ್ಥಳೀಯರ ಮಕ್ಕಳು ಪಟ್ಟಣದ ಕೆಲಸಕ್ಕೆ ಹೊರಟ ಮೇಲೆ ಅದೇ ಕೋಣೆಗಳಿಗೆ ಅಸ್ಸಾಮಿನಿಂದ ಬಂದ ಕಾರ್ಮಿಕರು ಸೇರಿದ್ದಾರೆ. ಕನ್ನಡ ಬಾರದ ಅವರೂ ಮೊದಲು ಕಲಿಯುವ ತೋಟದ ಪದಗಳಲ್ಲಿ ಮೇಸ್ತ್ರಿ, ರೈಟರ್, ಲೈನ್ ಇರುತ್ತವೆ.

ಕರೆಂಟ್

ಆರಂಭದಲ್ಲಿ ಹೆಸರಿಸಿದ ನಾಲ್ಕೂ ತಾಲ್ಲೂಕುಗಳಲ್ಲಿ ಬರಿದೇ ‘ಲೈನು’ ಎಂದರೆ ವಿದ್ಯುತ್ ತಂತಿ. ಕರ್ನಾಟಕದಲ್ಲಿ ಈ ಅರ್ಥಕ್ಕೆ 1902 ಆರಂಭದ ವರ್ಷವೆನ್ನಬಹುದು. ಆ ವರ್ಷ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ತಂತಿಯ ಮೇಲೆ ಹೋಯಿತು. ಅಷ್ಟು ಉದ್ದದ ಪ್ರಸರಣ ತಂತಿ ಆಗ ಜಗತ್ತಿನಲ್ಲೇ ಅಪರೂಪ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂತು. ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ. ಈಗ ಹಾಸನ ಜಿಲ್ಲೆಯ ವಿದ್ಯುತ್ ವಿತರಣೆ ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು, ಜನರ ಬಾಯಲ್ಲಿ ‘ಸೆಸ್ಕ್’.

ರೈತನಿಗೆ ಲೈನು ಒಂದಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆ ಬೇರೆ ಫೀಡರ್ ಮಾಡಿದ ಮೇಲೆ ‘ಊರ ಲೈನು’, ‘ತೋಟದ ಲೈನು’ ಎಂದು ಎರಡಾದವು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ವಿದ್ಯುತ್ತು ಉಚಿತ, ಆದರೆ ತ್ರೀ ಫೇಸ್ ಸಿಗುವುದು ದಿನಕ್ಕೆ ಕೆಲವು ಗಂಟೆ ಮಾತ್ರ. ಸರ್ಕಾರ ಹೇಳುವುದು 7 ಗಂಟೆ. ಆ ಹೊತ್ತು ರಾತ್ರಿಗೆ ಬಿದ್ದರೆ ರೈತ ರಾತ್ರಿಯೇ ಟಾರ್ಚು ಹಿಡಿದು ಬೋರ್‌ವೆಲ್ ಹತ್ತಿರ ಹೋಗಬೇಕು. ಹೀಗಾಗಿ ‘ಲೈನ್ ಯಾವಾಗ?’ ಎಂಬ ಪ್ರಶ್ನೆಗೆ ಇಲ್ಲಿ ಮುಹೂರ್ತದ ಗಾಂಭೀರ್ಯವಿದೆ. ಶುಂಠಿ, ಆಲೂಗೆಡ್ಡೆ, ತೆಂಗು ಮೂರೂ ಅದರ ಮೇಲೆ ನಿಂತಿವೆ.

ಈ ಲೈನನ್ನು ಕಾಯುವವನು ಲೈನ್‌ಮನ್. ಇಲಾಖೆ ಪವರ್‌ಮನ್ ಎಂಬ ಹೊಸ ಹೆಸರು ಕೊಟ್ಟರೂ ಹಳ್ಳಿ ಹಳೆಯ ಹೆಸರನ್ನು ಬಿಟ್ಟಿಲ್ಲ. ಹಳ್ಳಿಯ ಮಟ್ಟಿಗೆ ಸರ್ಕಾರ ಎಂದರೆ ಶಾಲೆಯ ಮೇಷ್ಟ್ರು, ಗ್ರಾಮ ಲೆಕ್ಕಿಗ, ಲೈನ್‌ಮನ್. ಅವನ ಮೊಬೈಲ್ ನಂಬರು ಇಲ್ಲದ ಮನೆಯಿಲ್ಲ. ಗಾಳಿಮಳೆಯ ರಾತ್ರಿ ತೆಂಗಿನ ಗರಿ ಬಿದ್ದು, ತಂತಿಗಳನ್ನು ಕೂಡಿಸುವ ಜಂಪ್ ಹಾರಿದರೆ ಅವನು ಬರಬೇಕು.

ಅವನ ಜೀವ ಉಳಿಸುವ ಎರಡಕ್ಷರ ‘ಎಲ್‌ಸಿ’. ರೈಲಿನಂತೆ ಇಲ್ಲಿಯೂ ಅದು ಲೈನ್ ಕ್ಲಿಯರ್. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಕರೆ ಮಾಡಿ ಎಲ್‌ಸಿ ಕೇಳಬೇಕು. ಅಲ್ಲಿಯ ಆಪರೇಟರ್ ಆ ಫೀಡರ್ ಬಂದ್ ಮಾಡಿ, ಪುಸ್ತಕದಲ್ಲಿ ಬರೆದು, ಒಪ್ಪಿಗೆ ಕೊಡಬೇಕು. ಕೆಲಸದ ಜಾಗದಲ್ಲಿ ತಂತಿಗೆ ಅರ್ತಿಂಗ್ ಹಾಕಬೇಕು. ಕೆಲಸ ಮುಗಿದ ಮೇಲೆ ಎಲ್‌ಸಿ ವಾಪಸ್ ಕೊಟ್ಟರೇ ಮತ್ತೆ ಕರೆಂಟು. ಕರೆಂಟು ಯಾಕೆ ಹೋಯಿತೆಂದು ಫೋನ್ ಮಾಡಿದವರಿಗೆ ‘ಎಲ್‌ಸಿ ತಗೊಂಡವ್ರೆ’ ಎಂಬ ಉತ್ತರ ಬಂದರೆ, ಎಲ್ಲೋ ಒಬ್ಬ ಮನುಷ್ಯ ಕಂಬದ ಮೇಲಿದ್ದಾನೆ ಎಂದು ತಿಳಿಯಬೇಕು. ಆ ಹೊತ್ತಿನಲ್ಲಿ ಮನೆಯ ಜನರೇಟರನ್ನು ಸರಿಯಾದ ಸ್ವಿಚ್ ಇಲ್ಲದೆ ಓಡಿಸಿದರೆ ಕರೆಂಟು ಹಿಮ್ಮುಖವಾಗಿ ತಂತಿಗೆ ಹರಿದು, ಬಂದ್ ಆಗಿದೆಯೆಂದು ನಂಬಿ ಮುಟ್ಟಿದವನನ್ನು ಕೊಲ್ಲಬಲ್ಲದು. ಕಡಿದು ಬಿದ್ದ ಲೈನನ್ನು ಕೋಲಿನಿಂದಲೂ ಮುಟ್ಟದೆ 1912 ಸಹಾಯವಾಣಿಗೆ ಕರೆ ಮಾಡಬೇಕು.

ಎತ್ತರದ ಗೋಪುರಗಳ ಮೇಲೆ ಹೋಗುವ ಹೆಚ್ಚಿನ ವೋಲ್ಟೇಜಿನ ತಂತಿ ‘ಟವರ್ ಲೈನು’. ಇದರ ಕಾನೂನು ತಿಳಿದಿರಬೇಕಾದದ್ದು. ರೈಲ್ವೆ ಲೈನಿಗೆ ಸರ್ಕಾರ ಜಮೀನನ್ನೇ ಕೊಂಡುಕೊಳ್ಳುತ್ತದೆ. ಟವರ್ ಲೈನಿಗೆ ಹಾಗಿಲ್ಲ. ಬ್ರಿಟಿಷರು ತಂತಿ ಅಂಚೆಗಾಗಿ ಮಾಡಿದ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವೇ ವಿದ್ಯುತ್ ತಂತಿಗೂ ಒದಗಿ, ಹೊಲದ ಒಡೆತನ ರೈತನಲ್ಲೇ ಉಳಿದು, ತಂತಿ ಹಾಯುವ ಹಕ್ಕು ಮಾತ್ರ ಕಂಪನಿಗೆ ಸಿಗುತ್ತದೆ. ಕಡಿದ ಮರಕ್ಕೆ, ಹಾಳಾದ ಬೆಳೆಗೆ ಪರಿಹಾರ ಉಂಟು. ಚನ್ನರಾಯಪಟ್ಟಣದ ತೆಂಗಿನ ತೋಟದವನಿಗೆ ಇದು ದೊಡ್ಡ ಪೆಟ್ಟು. ತಂತಿಯ ಕೆಳಗೆ ತೆಂಗು ಮತ್ತೆ ಏಳುವಂತಿಲ್ಲ. ಪಹಣಿಯಲ್ಲಿ ಅವನ ಹೆಸರಿದ್ದರೂ ಆಕಾಶ ಅವನದಾಗಿರುವುದಿಲ್ಲ.

ಕೊಳವೆ, ನಾಲೆ, ಹೊಲ

ನೆಲದಡಿಯ ಲೈನಿಗೂ ಟವರ್ ಲೈನಿನ ನ್ಯಾಯವೇ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲಿಯಂ ಉತ್ಪನ್ನ ಸಾಗಿಸುವ ಸುಮಾರು 360 ಕಿ.ಮೀ. ಉದ್ದದ ಕೊಳವೆ ಮಾರ್ಗ 2003ರಿಂದ ನಡೆಯುತ್ತಿದೆ. 1962ರ ಪೆಟ್ರೋಲಿಯಂ ಕೊಳವೆ ಮಾರ್ಗ ಕಾಯ್ದೆಯ ಪ್ರಕಾರ ಕೊಳವೆ ಹಾದ ಪಟ್ಟಿಯಲ್ಲಿ ರೈತ ರಾಗಿ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಜಮೀನು ಕೊಳ್ಳಲು ಬಂದವರು ಈ ಸೀಮೆಯಲ್ಲಿ ‘ಪೈಪ್‌ಲೈನ್ ಹೋಗೈತಾ?’ ಎಂದು ವಿಚಾರಿಸುವುದು ಇದಕ್ಕಾಗಿ.

ಮನೆ ಬಾಗಿಲಿನ ಪೈಪ್‌ಲೈನ್ ಬೇರೆ. 2019ರ ಜಲಜೀವನ್ ಮಿಷನ್, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’, ಹಳ್ಳಿಯ ಬೀದಿಗಳನ್ನು ಅಗೆದು ಹೊಸ ‘ನಲ್ಲಿ ಲೈನು’ ಹಾಕಿತು. ಇನ್ನು ನಾಲೆಯ ಮಾತು. ಗೊರೂರಿನ ಹೇಮಾವತಿ ಅಣೆಕಟ್ಟು 1979ರದು, 37.10 ಟಿಎಂಸಿ ಅಡಿ ಹಿಡಿಯುತ್ತದೆ. ಅದರ ನಾಲೆಗಳ ಜೊತೆ ‘ಲೈನಿಂಗ್’ ಬಂತು. ಸೋರುವ ಮಣ್ಣಿನ ನಾಲೆಗೆ ಕಾಂಕ್ರೀಟಿನ ಒಳಹೊದಿಕೆ ಹಾಕುವುದೇ ಲೈನಿಂಗ್. ದರ್ಜಿಯ ಅಂಗಡಿಯಲ್ಲಿ ರವಿಕೆಗೆ ಹಾಕುವುದೂ ಲೈನಿಂಗ್. ನಾಲೆಗೆ ಲೈನಿಂಗ್ ಆದರೆ ಕೊನೆಯ ಭಾಗದ ರೈತನಿಗೆ ನೀರು ಮುಟ್ಟುತ್ತದೆ, ನಾಲೆ ಪಕ್ಕದ ಬಾವಿಗಳಲ್ಲಿ ಒರತೆ ಕುಗ್ಗುತ್ತದೆ. ಎರಡೂ ನಿಜವಾದ್ದರಿಂದ ಈ ಕಾಮಗಾರಿಯ ಬಗ್ಗೆ ಒಂದೇ ಊರಿನಲ್ಲಿ ಎರಡು ಅಭಿಪ್ರಾಯ ಇರುತ್ತದೆ.

ಹೊಲದಲ್ಲಿ ಕೃಷಿ ಇಲಾಖೆಯವರು ಹಗ್ಗ ಹಿಡಿದು ತೋರಿಸಿಕೊಟ್ಟ ಭತ್ತದ ‘ಲೈನ್ ನಾಟಿ’ ಇದೆ. ಸಾಲಿನ ನಡುವೆ ಗಾಳಿ ಬೆಳಕು ಆಡುತ್ತದೆ, ಕಳೆ ತೆಗೆಯಲು ಕೈ ಹೋಗುತ್ತದೆ. ರಾಜಮುಡಿ ಭತ್ತಕ್ಕೆ ಹೆಸರಾದ ಹೊಳೆನರಸೀಪುರದ ಗದ್ದೆಗಳಿಗೂ ಇದು ತಲುಪಿತು. ಹನಿ ನೀರಾವರಿ ಬಂದ ಮೇಲೆ ‘ಮೇನ್ ಲೈನು’, ‘ಸಬ್ ಲೈನು’ ಶುಂಠಿ ಬೆಳೆಗಾರರ ನಾಲಿಗೆಗೆ ಹತ್ತಿವೆ.

ದೂರವಾಣಿ

ಟ್ರಂಕ್ ಕಾಲ್ ಕಾಲದ ‘ಲೈನ್ ಸಿಗ್ತಿಲ್ಲ’, ‘ಲೈನಲ್ಲೇ ಇರಿ’, ‘ಲೈನ್ ಕಟ್ಟಾಯ್ತು’ ತಂತಿಯೇ ಇಲ್ಲದ ಮೊಬೈಲಿಗೂ ಹಾಗೆಯೇ ದಾಟಿಕೊಂಡಿವೆ. ಭಾರತದ ಹಳ್ಳಿಗಳಿಗೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ ಸಣ್ಣ ಎಕ್ಸ್‌ಚೇಂಜ್ ಮೊದಲು ಕೆಲಸ ಮಾಡಿದ್ದು ಕರ್ನಾಟಕದಲ್ಲೇ, 1986ರಲ್ಲಿ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಧೂಳು ಸೆಕೆಗಳನ್ನು ತಾಳಿಕೊಂಡು ನಡೆಯುವಂತೆ ಅದನ್ನು ಮಾಡಲಾಗಿತ್ತು. ಟಿವಿ ಸುದ್ದಿಯವರು ‘ನಮ್ಮ ಪ್ರತಿನಿಧಿ ಫೋನ್ ಲೈನ್‌ನಲ್ಲಿದ್ದಾರೆ’ ಎನ್ನುವುದನ್ನು ಬಿಟ್ಟರೆ ಈಗ ಈ ಅರ್ಥ ಸವೆಯುತ್ತಿದೆ.

ಸರತಿ ಮತ್ತು ಗೆರೆ

ಶಾಲೆಯ ಪ್ರಾರ್ಥನೆಗೆ ಮಕ್ಕಳು ನಿಲ್ಲುವುದು ಲೈನಿನಲ್ಲಿ. ಇಂಗ್ಲಿಷ್ ಅಕ್ಷರ ತಿದ್ದುವುದು ‘ಫೋರ್ ಲೈನ್’ ಪುಸ್ತಕದಲ್ಲಿ. ಹಾಗೆ ಕಲಿತ ಲೈನ್ ಮುಂದೆ ನ್ಯಾಯಬೆಲೆ ಅಂಗಡಿ, ಆಸ್ಪತ್ರೆ, ಮತಗಟ್ಟೆಗಳ ತನಕ ಜೊತೆಗಿರುತ್ತದೆ. ಹಾಸನದಲ್ಲಿ ಈ ಅರ್ಥದ ದೊಡ್ಡ ಹಬ್ಬವೆಂದರೆ ಹಾಸನಾಂಬೆಯ ದರ್ಶನ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆದು ದೀಪಾವಳಿ ಕಳೆದ ಮೇಲೆ ಮುಚ್ಚುವ ಗುಡಿ ಇದು. ಆ ದಿನಗಳಲ್ಲಿ ಊರೆಲ್ಲ ಲೈನಿನ ಮಾತೇ: ಧರ್ಮದರ್ಶನದ ಲೈನು, 300 ರೂಪಾಯಿ ಲೈನು, 1000 ರೂಪಾಯಿ ಲೈನು. ದೇವರ ಮುಂದೆ ನಿಲ್ಲುವ ಸಾಲು ಹಣದಿಂದ ಬೇರೆಯಾಗುವುದು ಈ ಲೇಖಕನಿಗೆ ಒಪ್ಪಿಗೆಯಿಲ್ಲ. ಹತ್ತಾರು ಗಂಟೆ ನಿಂತ ಹಳ್ಳಿಯ ಮುದುಕಿಯ ಕಾಲುನೋವಿಗೆ ಆ ದರಪಟ್ಟಿಯಲ್ಲಿ ಜಾಗವಿಲ್ಲ. 2023ರ ನವೆಂಬರ್ 10ರಂದು ಇಲ್ಲಿ ಪದದ ಎರಡು ಅರ್ಥಗಳು ದುರಂತವಾಗಿ ಸಂಧಿಸಿದವು. ದರ್ಶನಕ್ಕೆ ನಿಂತಿದ್ದ ಲೈನಿನ ಬಳಿ ಕರೆಂಟಿನ ಲೈನು ತುಂಡಾಗಿ, ಕೆಲವರಿಗೆ ಶಾಕ್ ತಗುಲಿ, ನೂಕುನುಗ್ಗಲಾಗಿ ಹಲವರು ಆಸ್ಪತ್ರೆ ಸೇರಿದರು.

ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಮುಟ್ಟಿರುವ ಲೈನು ಯಾರ ಕಣ್ಣಿಗೂ ಕಾಣುವುದಿಲ್ಲ. ‘ಬಿಪಿಎಲ್’ ಎಂಬ ಮೂರಕ್ಷರದ ಕೊನೆಯ ‘ಎಲ್’ ಇದೇ ಲೈನ್, ಬಡತನದ ಗೆರೆ. 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿ, ಆಸ್ಪತ್ರೆಯ ರಿಯಾಯಿತಿಯಂಥ ಎಷ್ಟೋ ಸೌಲಭ್ಯಗಳು ಈ ಗೆರೆಯ ಕೆಳಗಿನವರಿಗೆ. ಕರ್ನಾಟಕದಲ್ಲಿ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ದಾಟಿದರೆ ಬಿಪಿಎಲ್ ಕಾರ್ಡಿಗೆ ಅರ್ಹತೆ ಇಲ್ಲ. ತಂಬಾಕು, ಆಲೂಗೆಡ್ಡೆಗಳಂಥ ಬೆಲೆ ಏರಿಳಿಯುವ ಬೆಳೆಯನ್ನು ನಂಬಿದ ಅರಕಲಗೂಡಿನ ಕುಟುಂಬವೊಂದು ಒಂದು ವರ್ಷ ಈ ಗೆರೆಯ ಮೇಲಿದ್ದು, ಮರುವರ್ಷ ಬಹಳ ಕೆಳಗೆ ಇಳಿಯಬಹುದು. ಕಾರ್ಡು ಆ ವೇಗದಲ್ಲಿ ಬದಲಾಗುವುದಿಲ್ಲ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದಾಗ ಎದ್ದ ಗದ್ದಲಕ್ಕೆ ಸರ್ಕಾರ ಹಿಂದೆ ಸರಿದು ಅರ್ಹರ ಕಾರ್ಡು ಮರಳಿಸಬೇಕಾಯಿತು.

ಕಸುಬು, ನಡತೆ, ಪ್ರೇಮ

‘ನೀನು ಯಾವ ಲೈನು?’ ಎಂದರೆ ಯಾವ ಕಸುಬು ಎಂದು. ‘ನಮ್ಮ ಲೈನಲ್ಲಿ ಇದು ಮಾಮೂಲು’ ಎಂದು ಗಾರೆ ಮೇಸ್ತ್ರಿಯಿಂದ ವಕೀಲರ ತನಕ ಎಲ್ಲರೂ ಹೇಳುತ್ತಾರೆ. ಬಿಸ್ಕತ್ತು, ಸೋಪು, ಬೀಡಿಯ ವ್ಯಾನು ಹಳ್ಳಿಯಂಗಡಿಗಳನ್ನು ಸುತ್ತುವುದು ‘ಲೈನ್ ಸೇಲ್’. ಸಾರಿಗೆ ಬಸ್ಸಿಗೆ ನಡುದಾರಿಯಲ್ಲಿ ಹತ್ತಿ ಟಿಕೆಟ್ ನೋಡುವುದು ‘ಲೈನ್ ಚೆಕಿಂಗ್’. ಪೋಲಿಯಾಗಿದ್ದ ಹುಡುಗ ಕೆಲಸ ಹಿಡಿದರೆ ‘ಲೈನಿಗೆ ಬಂದ’. ಈ ಬಳಕೆಯಲ್ಲಿ ಶಾಲೆಯ ಸಾಲೂ ರೈಲಿನ ಹಳಿಯೂ ಬೆರೆತಿವೆ, ‘ಹಳಿಗೆ ಬಂದ’ ಎಂಬ ಕನ್ನಡದ ಮಾತು ಇದರ ಒಡಹುಟ್ಟು. ಪಕ್ಷದ ಲೈನ್ ದಾಟಿ ಮಾತಾಡುವವರು ಈ ಜಿಲ್ಲೆಯ ರಾಜಕಾರಣದಲ್ಲಿ ಕಡಿಮೆಯೇನಿಲ್ಲ. ಸಿನಿಮಾದವರಿಗೆ ಕತೆಯ ತಿರುಳು ‘ಒನ್ ಲೈನ್’.

ಹುಡುಗ ಹುಡುಗಿಯ ಹಿಂದೆ ಸುತ್ತುವುದು ‘ಲೈನ್ ಹೊಡೆಯುವುದು’. ಕಾಲೇಜಿನ ಬಸ್ ಸ್ಟಾಪಿನ ಈ ಮಾತು ಹಾಡು ಮತ್ತು ಸಿನಿಮಾಗಳಿಂದ ಹಗುರವಾಗಿ ಕೇಳಿಸುವಂತಾಯಿತು. ಹಿಂದೆ ಸುತ್ತಿಸಿಕೊಳ್ಳುವ ಹುಡುಗಿಯ ಕಡೆಯಿಂದ ನೋಡಿದರೆ ಅದು ಎಷ್ಟೋ ಸಲ ಕಿರುಕುಳ, ಕಾಲೇಜು ಬಿಡಿಸುವುದಕ್ಕೆ ಮನೆಯವರಿಗೆ ಸಿಗುವ ನೆಪ.

ಆನ್‌ಲೈನ್

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಪಹಣಿಯನ್ನು ಗಣಕಕ್ಕೆ ಏರಿಸಿದ ಮೇಲೆ ಲೈನ್ ಹೊಸ ರೂಪ ತಾಳಿತು. ಇಂಗ್ಲಿಷಿನಲ್ಲಿ ‘ಆನ್‌ಲೈನ್’ ಒಂದು ಸ್ಥಿತಿ. ಹಾಸನದ ಹಳ್ಳಿಯಲ್ಲಿ ಅದು ಮಾಡಿಸಬೇಕಾದ ಕೆಲಸ. ‘ಆನ್‌ಲೈನ್ ಮಾಡಿಸ್ದಾ?’ ಎಂದರೆ ಅರ್ಜಿ ಹಾಕಿಸಿದೆಯಾ ಎಂದು. ಗ್ರಾಮ ಒನ್ ಕೇಂದ್ರದಲ್ಲೋ ಸೈಬರ್ ಅಂಗಡಿಯಲ್ಲೋ ಒಬ್ಬ ಹುಡುಗ ಹಣ ತೆಗೆದುಕೊಂಡು ಮಾಡಿಕೊಡುತ್ತಾನೆ. ಸರ್ವರ್ ಕೈಕೊಟ್ಟ ದಿನ, ಆನ್‌ಲೈನ್ ಆಗಲೆಂದು ಜನ ಅಂಗಡಿಯ ಮುಂದೆ ಲೈನಿನಲ್ಲಿ ನಿಂತಿರುತ್ತಾರೆ.

ಕನ್ನಡ ಪದಗಳ ಸ್ಥಿತಿ

ಸಾಲು, ಗೆರೆ, ಎಳೆ, ತಂತಿ, ಸರತಿ, ಹಳಿ, ಕೊಳವೆ, ಪಂಕ್ತಿ. ಲೈನ್ ಇವುಗಳಲ್ಲಿ ಯಾವುದನ್ನೂ ಪೂರ್ತಿ ಕೊಂದಿಲ್ಲ. ಊಟಕ್ಕೆ ಈಗಲೂ ಪಂಕ್ತಿಯೇ, ರಾಗಿಗೆ ಸಾಲೇ, ಹಣೆಗೆ ಗೆರೆಯೇ. ಸರ್ಕಾರ, ಕಂಪನಿ, ತೋಟದ ಮಾಲೀಕರಂಥ ಹೊರಗಿನ ಶಕ್ತಿಯೊಂದು ನಡುವೆ ಬಂದ ಕಡೆಯೇ ಲೈನ್ ಹೆಚ್ಚಾಗಿ ನೆಲೆಯೂರಿದೆ. ಈ ಹಂಚಿಕೆಯನ್ನು ಯಾರೂ ಕೂತು ಮಾಡಿದ್ದಲ್ಲ, ಆಡುವ ಜನ ಮಾಡಿಕೊಂಡದ್ದು. ಹಾಗಾಗಿ ಲೈನ್ ಪದವನ್ನು ಕನ್ನಡದಿಂದ ಹೊರದಬ್ಬಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲ.

ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಎರವಲು ಪದಕೋಶ’ವನ್ನೇ ಪ್ರತ್ಯೇಕವಾಗಿ ರಚಿಸಿ, ಬಂದ ಪದಗಳನ್ನು ಗೌರವದಿಂದ ಕಾಣುವ ದಾರಿ ತೋರಿಸಿದರು. ಆ ಕೆಲಸವನ್ನು ಮುಂದುವರಿಸುವವರು ಪುಸ್ತಕಗಳ ಜೊತೆಗೆ ಕಂಬ, ಹಳಿ, ತೋಟಗಳ ಬಳಿಗೂ ಹೋಗಬೇಕು. ಲೈನ್‌ಮನ್‌ಗಳು, ಹಳಿ ಕಾಯುವ ಕೀಮನ್‌ಗಳು, ತೋಟದ ಮೇಸ್ತ್ರಿಗಳು, ಲೈನ್‌ಮನೆಯ ಹೆಂಗಸರು ಆಡುವ ವಾಕ್ಯಗಳನ್ನು, ಅವರು ಬಳಸುವ ಕ್ರಿಯಾಪದದ ಸಮೇತ, ಊರಿನ ಹೆಸರು ಹಾಕಿ ಬರೆದುಕೊಳ್ಳಬೇಕು. ಟೋಕನ್ ಬಳೆಯನ್ನು ಕೈಯಾರೆ ಕೊಟ್ಟ ಸ್ಟೇಷನ್ ಮಾಸ್ಟರುಗಳಿಗೂ ಟ್ರಂಕ್ ಲೈನ್ ಕೂಡಿಸಿದ ಆಪರೇಟರುಗಳಿಗೂ ಈಗ ವಯಸ್ಸಾಗಿದೆ. ಈ ಕೆಲಸವನ್ನು ಅವರಿಂದಲೇ ಶುರು ಮಾಡಿ.